ಬೀಗರ ಮುಂದೆ ನ್ಯೂಕ್ಲಿಯಸ್ಸು

ಕೆಲವರಿಗೆ ಅಮಾವಾಸ್ಯೆ ಹತ್ತಿರ ಬಂದರೆ ಕಸಿವಿಸಿ, ಕೆಲವರಿಗೆ ನೆಂಟರು ಬರುತ್ತಾರೆಂದರೆ ಕಸಿವಿಸಿ. ನನ್ನ ಕಸಿವಿಸಿಗೆ ಪಂಚಾಂಗದಲ್ಲಿ ಜಾಗವಿಲ್ಲ, ವೈದ್ಯರ ಹತ್ತಿರ ಮದ್ದೂ ಇಲ್ಲ. ಅದು ವರ್ಷಕ್ಕೊಮ್ಮೆ, ದ್ವಿತೀಯ ಪಿಯುಸಿಯ ಭೌತಶಾಸ್ತ್ರದಲ್ಲಿ ನ್ಯೂಕ್ಲಿಯಸ್ಸಿನ ಪಾಠ ಶುರುವಾದಾಗ ತಪ್ಪದೆ ಬರುತ್ತದೆ. ನಾನು ಸರಸ್ವತಿಪುರಂನ ಒಂದು ಟ್ಯುಟೋರಿಯಲ್ಲಿನಲ್ಲಿ ಸಂಜೆ ಹೊತ್ತು ಪಾಠ ಹೇಳುವವನು. ಕೆಳಗೆ ಹೋಟೆಲು, ಮೇಲೆ ನಾವು; ಈರುಳ್ಳಿ ಹುರಿಯುವ ವಾಸನೆಯ ನಡುವೆಯೇ ನಮ್ಮ ವಿಜ್ಞಾನ ಮುಂದುವರಿಯಬೇಕು. ವಿದ್ಯುತ್ತು, ಕಾಂತತೆ, ಬೆಳಕು, ಇವನ್ನೆಲ್ಲ ನಾನು ನೆಮ್ಮದಿಯಾಗಿಯೇ ದಾಟಿಸುತ್ತೇನೆ. ನ್ಯೂಕ್ಲಿಯಸ್ಸು ಬಂತೋ, ಮುಗಿಯಿತು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಮೈಮೇಲೆ ಇರುವೆ ಬಿಟ್ಟುಕೊಂಡವನ ಹಾಗೆ ಹಾಲಿನಿಂದ ವರಾಂಡಕ್ಕೆ, ವರಾಂಡದಿಂದ ಹಾಲಿಗೆ ತಿರುಗುತ್ತೇನೆ. ಫ್ಯಾನು ಹಾಕುತ್ತೇನೆ, ಆರಿಸುತ್ತೇನೆ, ಮತ್ತೆ ಹಾಕುತ್ತೇನೆ. ನನ್ನ ಹೆಂಡತಿ ವನಜ ಇಷ್ಟು ವರ್ಷದ ಅನುಭವದ ಬಲದಿಂದ, ಬಿಡಿಸುತ್ತಿರುವ ಹುರುಳಿಕಾಯಿಯಿಂದ ಕಣ್ಣೆತ್ತದೆಯೇ ಕೇಳುತ್ತಾಳೆ: "ಏನ್ರೀ, ನ್ಯೂಕ್ಲಿಯಸ್ ಬಂತಾ?"

ಬಂದಿರುತ್ತದೆ. ಅದರ ಜೊತೆಗೆ ಆ ಪ್ರಶ್ನೆಯೂ ಬಂದಿರುತ್ತದೆ. 'ಚಿನ್ನದ ನ್ಯೂಕ್ಲಿಯಸ್ಸಿನ ಸಾಂದ್ರತೆಯನ್ನು ಅಲ್ಯೂಮಿನಿಯಂ ನ್ಯೂಕ್ಲಿಯಸ್ಸಿನ ಸಾಂದ್ರತೆಯೊಡನೆ ಹೋಲಿಸಿ.' ಮಕ್ಕಳು ಪ್ರಶ್ನೆ ಕಂಡ ಕೂಡಲೆ ಹುರುಪಿನಿಂದ ಹೊರಡುತ್ತಾರೆ. ಒಬ್ಬ ಗುಣಿಸುತ್ತಾನೆ, ಒಬ್ಬಳು ಭಾಗಿಸುತ್ತಾಳೆ, ಹಿಂದಿನ ಬೆಂಚಿನವನು ಘನಮೂಲ ತೆಗೆಯಲು ಹೋಗಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆ. ಉತ್ತರ ಮಾತ್ರ ಇಷ್ಟೆ: ಎರಡೂ ಒಂದೇ. ಚಿನ್ನವಾಗಲಿ, ಅಲ್ಯೂಮಿನಿಯಂ ಆಗಲಿ, ಕಬ್ಬಿಣವಾಗಲಿ, ಯುರೇನಿಯಂ ಆಗಲಿ, ಯಾವುದರ ನ್ಯೂಕ್ಲಿಯಸ್ಸು ತೆಗೆದುಕೊಂಡರೂ ಸಾಂದ್ರತೆ ಹೆಚ್ಚೂಕಡಿಮೆ ಅದೇ. ಎಲ್ಲದರ ಒಳಗೂ ಇರುವುದು ಅವೇ ಪ್ರೋಟಾನು, ಅವೇ ನ್ಯೂಟ್ರಾನು, ಅಷ್ಟೇ ಒತ್ತೊತ್ತಾಗಿ. ಒಂದು ಪಾವು ಸಾಸಿವೆಯ ಗುಡ್ಡೆ ಚಿಕ್ಕದು, ಒಂದು ಸೇರು ಸಾಸಿವೆಯ ಗುಡ್ಡೆ ದೊಡ್ಡದು. ಸಾಸಿವೆ ಅದೇ ತಾನೆ? ಕಣ ಹೆಚ್ಚಾದಷ್ಟೂ ಗುಡ್ಡೆ ಹಿಗ್ಗುತ್ತದೆಯೇ ಹೊರತು ಇನ್ನಷ್ಟು ಗಟ್ಟಿಯಾಗುವುದಿಲ್ಲ. ಇದನ್ನು ನಾನು ಕೈ ಬಾಯಿ ಆಡಿಸಿ ಹೇಳಿ ಮುಗಿಸುವ ಹೊತ್ತಿಗೆ ಪ್ರತಿ ವರ್ಷವೂ ಯಾರಾದರೊಬ್ಬರು ನೊಂದ ದನಿಯಲ್ಲಿ ಕೇಳುತ್ತಾರೆ: "ಆದ್ರೂ ಸಾರ್, ಚಿನ್ನ ಅಂದ್ಮೇಲೆ ಸ್ವಲ್ಪನಾದ್ರೂ ಜಾಸ್ತಿ ಇರ್ಬೇಕಲ್ವಾ?"

ಇರಬೇಕು ಎಂದೇ ನನಗೂ ಒಳಗೊಳಗೆ ಅನ್ನಿಸುತ್ತದೆ, ಅದೇ ನನ್ನ ಸಂಕಟ. ಹೊರಗೆ ನೋಡಿದರೆ ಚಿನ್ನ ಅಲ್ಯೂಮಿನಿಯಂಗಿಂತ ಏಳು ಪಟ್ಟು ಭಾರ. ಎರಡರ ಪರಮಾಣುಗಳೂ ಹಿಡಿಯುವ ಜಾಗ ಹತ್ತಿರ ಹತ್ತಿರ ಒಂದೇ. ನಮ್ಮ ದಟ್ಟಗಳ್ಳಿಯ ಮೂವತ್ತು-ನಲವತ್ತರ ಸೈಟುಗಳ ಹಾಗೆ. ಒಂದು ಸೈಟಿನಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದಾರೆ, ಪಕ್ಕದ ಸೈಟಿನಲ್ಲಿ ಅಣ್ಣತಮ್ಮಂದಿರು, ಸೊಸೆಯರು, ಮೊಮ್ಮಕ್ಕಳು ಎಲ್ಲ ಸೇರಿ ಒಂದು ಮೂಲೆಯಲ್ಲಿ ಗುಂಪಾಗಿ ಟಿವಿ ನೋಡುತ್ತಿದ್ದಾರೆ. ಆ ಮನೆ ಭಾರ, ಈ ಮನೆ ಹಗುರ. ಆದರೆ ಆ ಗುಂಪಿನಲ್ಲಿ ಭುಜಕ್ಕೆ ಭುಜ ಎಷ್ಟು ತಾಗಿದೆಯೋ ಈ ಇಬ್ಬರದೂ ಅಷ್ಟೇ ತಾಗಿದೆ. ಇಷ್ಟನ್ನು ಒಪ್ಪಿಕೊಳ್ಳಬಹುದು. ಆದರೆ ನಾವು ಮೈಸೂರಿನವರು ಹೋಲಿಕೆಯ ಮೇಲೆಯೇ ಬದುಕಿರುವ ಜನ. ಬೆಂಗಳೂರಿನವರು ಸಿಕ್ಕರೆ ಹವೆ ಹೋಲಿಸುತ್ತೇವೆ, ನೀರು ಹೋಲಿಸುತ್ತೇವೆ, ರಸ್ತೆ ಹೋಲಿಸುತ್ತೇವೆ, ಕೊನೆಗೆ ಅವರ ಮುಖದ ಸುಸ್ತನ್ನೂ ನಮ್ಮ ಮುಖದ ಕಳೆಯನ್ನೂ ಹೋಲಿಸುತ್ತೇವೆ. ಒಂದು ಸಲವೂ ಸೋತಿಲ್ಲ. ಹೋಲಿಸಿದ ಮೇಲೆ ಯಾರಾದರೂ ಒಬ್ಬರು ಗೆಲ್ಲಬೇಕು. ಎರಡೂ ಒಂದೇ ಎಂದರೆ ಊಟಕ್ಕೆ ಕೂರಿಸಿ ಎಲೆ ಎತ್ತಿದ ಹಾಗಾಗುತ್ತದೆ.

ಈ ವರ್ಷ ಆ ಉರಿಗೆ ತುಪ್ಪ ಸುರಿದವಳು ಕಿಟಕಿ ಪಕ್ಕದ ಬೆಂಚಿನ ಒಬ್ಬ ಹುಡುಗಿ. ಶನಿವಾರ ಸಂಜೆ, ಪಾಠ ಮುಗಿಯುವ ಹೊತ್ತು. ಎದ್ದು ನಿಂತಳು. "ಸಾರ್, ಎಲ್ಲಾ ಒಂದೇ ಅಂದ್ಮೇಲೆ ಹೋಲಿಸಿ ಅಂತ ಯಾಕ್ ಕೇಳ್ತಾರೆ?" ತರಗತಿ ನಕ್ಕಿತು. ನಾನೂ ನಕ್ಕೆ, ಯಾಕೆಂದರೆ ಉತ್ತರ ಗೊತ್ತಿಲ್ಲದಾಗ ನಗುವುದು ನಮ್ಮ ವೃತ್ತಿಯಲ್ಲಿ ಹಳೆಯ ರೂಢಿ. "ಒಳ್ಳೇ ಪ್ರಶ್ನೆ, ಸೋಮವಾರ ಹೇಳ್ತೀನಿ" ಎಂದು ಸೀಮೆಸುಣ್ಣದ ಕೈ ಒರೆಸಿಕೊಂಡು ಇಳಿದುಬಂದೆ. ಸ್ಕೂಟರು ಹತ್ತಿದ್ದು ನೆನಪಿದೆ, ಮನೆ ತಲುಪಿದ್ದು ನೆನಪಿಲ್ಲ. ಯಾಕೆ ಕೇಳುತ್ತಾರೆ? ನಿಜವಾಗಿ ಯಾಕೆ ಕೇಳುತ್ತಾರೆ? ಭಾನುವಾರ ಬೆಳಿಗ್ಗೆ ಹಲ್ಲುಜ್ಜುವಾಗಲೂ ಅದೇ, ಸ್ನಾನದ ಮನೆಯಲ್ಲೂ ಅದೇ. ಆ ಭಾನುವಾರ ನನ್ನ ತಲೆ ಖಾಲಿಯಾಗಿ ಇರಬೇಕಿತ್ತು. ಅವತ್ತು ಸಿಂಧುವಿನ ಗಂಡಿನ ಕಡೆಯ ಬೀಗರು ಬರುವುದಿತ್ತು.

ಸಿಂಧು ನನ್ನ ಹೆಂಡತಿಯ ತಮ್ಮ ರಾಜಣ್ಣನ ಮಗಳು. ರಾಜಣ್ಣನ ಮನೆ ನಮ್ಮ ಹಿಂದಿನ ರಸ್ತೆಯಲ್ಲೇ. ಹುಟ್ಟಿದ ದಿನದಿಂದ ನಮ್ಮ ಮನೆಯಲ್ಲೇ ಅರ್ಧ ಬೆಳೆದ ಹುಡುಗಿ, ನನ್ನ ಹತ್ತಿರವೇ ಫಿಸಿಕ್ಸ್ ಕಲಿತವಳು. ಹೂಟಗಳ್ಳಿಯ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಹುಡುಗ ಚೇತನ್ ಅಲ್ಲೇ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡು ಆಮೇಲೆ ಹಿರಿಯರನ್ನು ಒಪ್ಪಿಸಿದ್ದು, ಆ ಒಪ್ಪಿಸುವ ಕೆಲಸಕ್ಕೆ ಒಂದಿಡೀ ವರ್ಷ ಹಿಡಿದಿತ್ತು. ಹುಡುಗನ ತಾಯಿ ಜಯಮ್ಮನವರು ಕೊನೆಗೆ ಒಪ್ಪಿದವರು. ಮಾತು ಕಡಿಮೆ, ಕಣ್ಣು ಚುರುಕು. ಅವತ್ತು ಅವರು ಮದುವೆಗೆಂದು ಮಾಡಿಸಿದ ತಾಳಿಸರವನ್ನು ಹೆಣ್ಣಿನ ಕಡೆಯವರಿಗೆ ತೋರಿಸಲು ರಾಜಣ್ಣನ ಮನೆಗೆ ತಂದಿದ್ದರು.

ನಮ್ಮ ಕಡೆ ಒಡವೆ ತೋರಿಸುವುದಕ್ಕೆ ಒಂದು ಕ್ರಮವಿದೆ. ಒಡವೆ ಡಬ್ಬಿಯಿಂದ ಹೊರಗೆ ಬಂದು ತಟ್ಟೆಯ ವೀಳ್ಯದೆಲೆಯ ಮೇಲೆ ಕೂರುತ್ತದೆ. ಅಲ್ಲಿಂದ ಕೈಯಿಂದ ಕೈಗೆ ಹೊರಡುತ್ತದೆ. ಪ್ರತಿಯೊಬ್ಬರೂ ಅಂಗೈಯಲ್ಲಿ ಇಟ್ಟುಕೊಂಡು ಎರಡು ಸಲ ಮೆಲ್ಲಗೆ ಎತ್ತಿ ತೂಕ ನೋಡಬೇಕು, ಬೆಳಕಿಗೆ ತಿರುಗಿಸಬೇಕು, ಏನಾದರೂ ಒಂದು ಒಳ್ಳೆಯ ಮಾತು ಆಡಬೇಕು. "ಗಟ್ಟಿಯಾಗ್ ಅದೆ ಕಣಮ್ಮ" ಎಂದರೂ ಆಯಿತು, "ಕೆಲಸ ಚೆನ್ನಾಗ್ ಅದೆ" ಎಂದರೂ ಆಯಿತು. ಸುಮ್ಮನೆ ಮುಂದಕ್ಕೆ ದಾಟಿಸುವ ಹಾಗಿಲ್ಲ; ಸುಮ್ಮನಿದ್ದರೆ ಕೊಂಕು ಹುಡುಕಿದಂತೆ. ಗಂಡಸರಿಗೂ ಇದರಿಂದ ವಿನಾಯಿತಿ ಇಲ್ಲ. ವನಜ ಮನೆಯಿಂದ ಹೊರಡುವಾಗಲೇ ಎಚ್ಚರಿಸಿದ್ದಳು: "ಚೆನ್ನಾಗಿದೆ ಅನ್ನಿ. ಅಷ್ಟೇ ಅನ್ನಿ. ಮುಂದಕ್ಕೆ ಕೊಡಿ."

ಸರ ಹೊರಟಿತು. ವನಜ "ಲಕ್ಷಣವಾಗಿದೆ ಕಣ್ರೀ" ಎಂದಳು. ರಾಜಣ್ಣ "ಒಳ್ಳೇ ತೂಕ" ಎಂದ. ಸಿಂಧುವಿನ ಅಮ್ಮ ಕಣ್ಣಿಗೆ ಒತ್ತಿಕೊಂಡಳು. ನಾನು ಕುರ್ಚಿಯ ತುದಿಯಲ್ಲಿ ಕೂತು ಕಾಲು ಅಲ್ಲಾಡಿಸುತ್ತಿದ್ದೆ. ಮನಸ್ಸು ಕಿಟಕಿ ಪಕ್ಕದ ಬೆಂಚಿನಲ್ಲಿತ್ತು. ಸರ ನನ್ನ ಅಂಗೈಗೆ ಬಂತು. ತಣ್ಣಗಿತ್ತು, ಹಳದಿಯಾಗಿತ್ತು, ಸಾಲಾಗಿ ಚಿನ್ನದ ಗುಂಡುಗಳಿದ್ದವು. ಚಿನ್ನ! ನಿನ್ನೆಯಿಂದ ನನ್ನ ತಲೆ ತಿನ್ನುತ್ತಿರುವ ಅದೇ ಪದಾರ್ಥ. ಎಷ್ಟು ಹೊತ್ತು ಹಾಗೇ ಹಿಡಿದುಕೊಂಡು ನೋಡುತ್ತ ಕೂತೆನೋ ಗೊತ್ತಿಲ್ಲ. ಜಯಮ್ಮನವರು ಕೇಳಿದರು: "ಯಾಕ್ ಮೇಷ್ಟ್ರೆ, ಅಂಗೇ ನೋಡ್ತಾ ಕುಂತ್ಬುಟ್ರಿ?"

ನಾನು ಬಾಯಿ ಬಿಟ್ಟೆ. "ಏನಿಲ್ಲಮ್ಮ, ಒಳಗೆ ಹೋಗಿ ನೋಡಿದ್ರೆ ಚಿನ್ನಾನೂ ಅಲ್ಯೂಮಿನಿಯಮ್ಮೂ ಎರಡೂ ಒಂದೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಡುಗೆ ಮನೆಯಲ್ಲಿ ಕಾಯಿ ತುರಿಯುತ್ತಿದ್ದ ಸದ್ದು ಕೂಡ ನಿಂತಿತು. ಬೀಗರು, ಅಂದರೆ ಜಯಮ್ಮನವರ ಯಜಮಾನರು, ಕಾಫಿ ಲೋಟವನ್ನು ಕೆಳಗಿಟ್ಟರು. ಜಯಮ್ಮನವರ ಮುಖ ಕೆಂಪಾಯಿತು. "ಅಲ್ಯೂಮಿನಿಯಮ್ಮಾ?" ಎಂದರು. ತಪ್ಪು ತಿಳಿದರಲ್ಲ ಎಂದು ನಾನು ಗಾಬರಿಯಾಗಿ ವಿವರಿಸಲು ಹೊರಟೆ, ವಿವರಿಸುವುದು ನನ್ನ ಹೊಟ್ಟೆಪಾಡಲ್ಲವೆ? ತಟ್ಟೆಯಲ್ಲಿ ರವೆ ಉಂಡೆಗಳಿದ್ದವು. ಬೀಗರ ತಟ್ಟೆಯಿಂದ ಒಂದು ದೊಡ್ಡದನ್ನೂ ನಮ್ಮ ತಟ್ಟೆಯಿಂದ ಒಂದು ಚಿಕ್ಕದನ್ನೂ ಎತ್ತಿಕೊಂಡೆ. "ನೋಡಿ, ಇದು ಚಿನ್ನ ಅಂತ ಇಟ್ಕೊಳ್ಳಿ, ಇದು ಅಲ್ಯೂಮಿನಿಯಂ. ದೊಡ್ಡದಾಗಿ ಕಾಣತ್ತೆ ಅಷ್ಟೆ, ಒಳಗೆ ಇರೋದು ಅದೇ ರವೆ. ನಾವು ಸುಮ್ಮನೆ ಹೊರಗಿಂದ ನೋಡಿ ಮೋಸ ಹೋಗ್ತೀವಿ." ಮೋಸ ಎಂಬ ಮಾತು ಬಂದಾಗ ವನಜ ಕಣ್ಣು ಮುಚ್ಚಿಕೊಂಡಳು. ಜಯಮ್ಮನವರು ಎದ್ದು ನನ್ನ ಕೈಯಿಂದ ಸರವನ್ನು ತೆಗೆದುಕೊಂಡು ಡಬ್ಬಿಗೆ ಹಾಕಿ ಮುಚ್ಚಿದರು. "ನಾವೇನು ಮೋಸ ಮಾಡೋ ಜನ ಅಲ್ಲ ಮೇಷ್ಟ್ರೆ. ಅಲ್ಯೂಮಿನಿಯಂ ಒಂದೇ ಅನ್ನಂಗಿದ್ರೆ ಅದ್ರಲ್ಲೇ ಮಾಡಿಸ್ಕೊಂಡ್ ಬತ್ತಿದ್ವಿ." ಊಟಕ್ಕೆ ಹೋಳಿಗೆಯಾಗಿತ್ತು. ಯಾರೂ ಕೂರಲಿಲ್ಲ. ಹೊರಡುವಾಗ ಯಜಮಾನರು ಚಪ್ಪಲಿ ಮೆಟ್ಟಿಕೊಂಡು ಅಂದದ್ದು ಒಂದೇ ಮಾತು: "ಮುಂದಿನ್ದು ಹೇಳಿ ಕಳಿಸ್ತೀವಿ."

ಹೆಣ್ಣು ಹೆತ್ತವರ ಮನೆಯಲ್ಲಿ ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತು. ಮುಂದಿನದು ಇಲ್ಲದಿರಬಹುದು. ರಾಜಣ್ಣ ನನ್ನನ್ನು ಬೈಯಲಿಲ್ಲ. ಅಕ್ಕನ ಗಂಡನನ್ನು ಬೈಯುವ ಹಾಗಿಲ್ಲವಲ್ಲ. "ಭಾವ, ನೀವು ಒಂದ್ ಮಾತು ಚೆನ್ನಾಗಿದೆ ಅನ್ಬಾರ್ದಾಗಿತ್ತಾ?" ಎಂದು ಗೋಡೆ ನೋಡಿಕೊಂಡು ಹೇಳಿದ. ಬೈಗುಳವಾಗಿದ್ದರೆ ಎಷ್ಟೋ ವಾಸಿಯಿತ್ತು. ಸಿಂಧು ಒಳಗಿನಿಂದ ಬಂದಳು. ಅತ್ತ ಕಣ್ಣು, ಆದರೂ ನನ್ನನ್ನೇ ಸಮಾಧಾನ ಮಾಡಲು ಬಂದವಳು. "ಮಾವ, ನೀವು ನ್ಯೂಕ್ಲಿಯಸ್ ಡೆನ್ಸಿಟಿ ಹೇಳಿದ್ದು ಅಂತ ನಂಗೆ ಗೊತ್ತಾಯ್ತು. ಆದ್ರೆ ಅವ್ರಿಗೆ ಹೆಂಗ್ ಹೇಳೋದು?" ಇಡೀ ಮನೆಯಲ್ಲಿ ನಾನು ಸರಿಯಾದ ಮಾತು ಆಡಿದ್ದೇನೆಂದು ಅರ್ಥವಾಗಿದ್ದು ಅವಳೊಬ್ಬಳಿಗೆ, ಅದರಿಂದ ಮುರಿಯುತ್ತಿದ್ದದ್ದು ಅವಳ ಮದುವೆ.

ಆಮೇಲಿನ ದಿನಗಳನ್ನು ಹೇಗೆ ಕಳೆದೆ ಎಂದು ಕೇಳಬೇಡಿ. ಫೋನು ಸದ್ದಾದರೆ ಎದೆ ಧಸಕ್ಕೆನ್ನುತ್ತಿತ್ತು, ಸದ್ದಾಗದಿದ್ದರೆ ಇನ್ನೂ ಜೋರಾಗಿ ಧಸಕ್ಕೆನ್ನುತ್ತಿತ್ತು. ಬೆಳಿಗ್ಗೆ ವಾಕಿಂಗ್ ಹೋದರೆ ಪಾರ್ಕಿನ ಸುತ್ತು ಮುಗಿಸದೆ ಅರ್ಧಕ್ಕೇ ಮನೆಗೆ ಓಡಿ ಬಂದು "ಯಾರಾದ್ರೂ ಫೋನ್ ಮಾಡಿದ್ರಾ?" ಎನ್ನುತ್ತಿದ್ದೆ. ಮನೆಯಲ್ಲಿ ಕೂರಲಾಗದೆ ಮತ್ತೆ ಪಾರ್ಕಿಗೆ ಹೋಗುತ್ತಿದ್ದೆ. ಅಡುಗೆ ಮನೆಗೆ ಹೋದರೆ ಅಲ್ಯೂಮಿನಿಯಂ ಪಾತ್ರೆಗಳು ಸಾಲಾಗಿ ನನ್ನನ್ನೇ ನೋಡುತ್ತಿದ್ದವು. ವನಜ ಮಾತು ಬಿಟ್ಟಿರಲಿಲ್ಲ, ಆದರೆ ಆಡುತ್ತಿದ್ದ ಮಾತೆಲ್ಲ "ಊಟ", "ಕಾಫಿ", "ಗೇಟು" ಎಂಬಷ್ಟೇ ಉದ್ದ. ಸೋಮವಾರ ತರಗತಿಗೆ ಹೋದೆ. ಆ ಹುಡುಗಿ ಮರೆತಿರಲಿಲ್ಲ, ಎದ್ದು ನಿಂತಳು. "ಹೋಲಿಸಿ ನೋಡಿದ ಮೇಲೆ ತಾನೆ ಒಂದೇ ಅಂತ ಗೊತ್ತಾಗೋದು" ಎಂದೆ. ಅವಳು ಸ್ವಲ್ಪ ಯೋಚಿಸಿ, "ಸರಿ ಸಾರ್" ಎಂದು ಕೂತಳು. ಅಷ್ಟೆ! ಇಷ್ಟು ಸಣ್ಣ ಉತ್ತರ ಭಾನುವಾರ ಬೆಳಿಗ್ಗೆಯೇ ಹೊಳೆದಿದ್ದರೆ ಒಂದು ಸಂಸಾರ ಉಳಿಯುತ್ತಿತ್ತಲ್ಲ ಎಂದು ಬೋರ್ಡಿನ ಕಡೆ ತಿರುಗಿ ತುಟಿ ಕಚ್ಚಿಕೊಂಡೆ.

ವಾರ ಕಳೆದರೂ ಹೂಟಗಳ್ಳಿಯಿಂದ ಸುದ್ದಿಯಿಲ್ಲ. ಚೇತನ್ ಸಿಂಧುವಿಗೆ ಫೋನಿನಲ್ಲಿ ಹೇಳಿದ್ದು ಇಷ್ಟೆ: "ಅಮ್ಮ ಯಾರ್ ಹತ್ರನೂ ಮಾತಾಡ್ತಿಲ್ಲ. ಸರ ತಗೊಂಡು ಒಬ್ಬಳೇ ಎಲ್ಲೆಲ್ಲೋ ಹೋಗಿ ಬರ್ತಾಳೆ." ಸರವನ್ನು ಅಂಗಡಿಗೆ ಹಿಂದಿರುಗಿಸುತ್ತಿದ್ದಾರೆ ಎಂದು ನಾವೆಲ್ಲ ತೀರ್ಮಾನಿಸಿದೆವು. ಇನ್ನು ತಡೆಯಲಾಗಲಿಲ್ಲ. ವನಜ ಒಂದು ಬುಟ್ಟಿಯಲ್ಲಿ ಹಣ್ಣು, ಮಲ್ಲಿಗೆ, ಎಲೆ ಅಡಿಕೆ ಇಟ್ಟುಕೊಂಡು ಸ್ಕೂಟರಿನ ಹಿಂದೆ ಕೂತಳು. "ಹೋಗಿ ಕೈ ಮುಗೀರಿ. ತಪ್ಪಾಯ್ತು ಅನ್ನಿ. ನ್ಯೂಕ್ಲಿಯಸ್ ಅಂತ ಏನಾದ್ರೂ ಬಾಯಿ ತೆರೆದ್ರೋ, ನಾನು ಅಲ್ಲೇ ಆಟೋ ಹತ್ತಿ ವಾಪಸ್ ಬರ್ತೀನಿ." ಹೂಟಗಳ್ಳಿಯವರೆಗೆ ನಾನು ಮನಸ್ಸಿನಲ್ಲಿ 'ತಪ್ಪಾಯ್ತು' ಎನ್ನುವುದನ್ನು ಬೇರೆ ಬೇರೆ ರಾಗದಲ್ಲಿ ಅಭ್ಯಾಸ ಮಾಡಿಕೊಂಡು ಹೋದೆ.

ಬಾಗಿಲು ತೆರೆದವರು ಜಯಮ್ಮನವರೇ. ನಾನು ಕೈ ಮುಗಿಯುವುದಕ್ಕೆ ಮೊದಲೇ ಅವರು ಮುಗಿದರು. "ಬನ್ನಿ ಮೇಷ್ಟ್ರೆ, ನಾನೇ ಬರೋಣ ಅಂತಿದ್ದೆ. ಯಾವ ಮುಖ ಇಟ್ಕೊಂಡ್ ಬರೋದು ಅಂತ ಕುಂತಿದ್ದೆ." ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಒಳಗೆ ಕೂರಿಸಿ, ನೀರು ಕೊಟ್ಟು, ಅವರು ಹೇಳಿದ ಕತೆ ಇದು. ಅವತ್ತು ಕೋಪದಲ್ಲಿ ಬಂದರಂತೆ. ಆದರೆ ನನ್ನ ಮಾತು ಹೊಟ್ಟೆಯೊಳಗೆ ಕೂತುಬಿಟ್ಟಿತಂತೆ. "ಓದಿದ ಮೇಷ್ಟ್ರು ಅಷ್ಟೊತ್ತು ಕೈಯಲ್ಲಿ ಇಟ್ಕೊಂಡು ನೋಡಿ, 'ಒಳಗೆ ಹೋಗಿ ನೋಡಿದ್ರೆ' ಅಂದ್ರಲ್ಲ, ಸುಮ್ ಸುಮ್ನೆ ಅಂತಾರಾ ಅನ್ನುಸ್ತು." ಸರ ತೆಗೆದುಕೊಂಡು ಬೇರೆ ಅಕ್ಕಸಾಲಿಗರ ಹತ್ತಿರ ಹೋಗಿ, ಒಂದು ಗುಂಡನ್ನು ಕೊಯ್ಯಿಸಿ ನೋಡಿದ್ದಾರೆ. ಮೇಲಿನ ತಗಡು ಅಪ್ಪಟ ಚಿನ್ನವೇ. ಒಳಗೆ ತುಂಬ ಅರಗು. ಅರಗನ್ನೂ ಚಿನ್ನದ ತೂಕಕ್ಕೇ ಸೇರಿಸಿ ಮಾರಿದ್ದ ಆ ಅಂಗಡಿಯವನು. ಜಯಮ್ಮನವರು ಅಂಗಡಿಯ ಮುಂದೆ ನಿಂತು, ರಸ್ತೆಯ ಜನವೆಲ್ಲ ಸೇರುವಷ್ಟು ಜಗಳವಾಡಿ, ಗಟ್ಟಿ ಗುಂಡಿನ ಹೊಸ ಸರ ಮಾಡಿಸಿಕೊಂಡೇ ಬಂದಿದ್ದಾರೆ.

ನನ್ನ ಆತ್ಮಸಾಕ್ಷಿ ಎದ್ದು ನಿಂತಿತು. "ಅಮ್ಮಾ, ನಾನು ಹೇಳಿದ್ದು ಅರಗಿನ ವಿಚಾರ ಅಲ್ಲ, ಅದು ಪರಮಾಣು ಒಳಗೆ..." ಎಂದು ಶುರುಮಾಡಿದೆ. ವನಜ ನನ್ನ ಕಾಲು ತುಳಿದಳು. ಅವಳು ತುಳಿಯುವ ಅಗತ್ಯವೇ ಇರಲಿಲ್ಲ. "ಸುಮ್ನಿರಿ ಮೇಷ್ಟ್ರೆ, ನಂಗೆಲ್ಲ ಅರ್ಥ ಆಗ್ಯದೆ" ಎಂದು ಜಯಮ್ಮನವರೇ ತಡೆದರು. "ಬೀಗರ ಮಾನ ಸಭೇಲಿ ಹೋಗ್ಬಾರ್ದು ಅಂತ ಉಂಡೆ ಗಿಂಡೆ ಹಿಡ್ಕೊಂಡು ಸುತ್ತಿ ಬಳಸಿ ಹೇಳಿದ್ರಿ. ದೊಡ್ಡದಾಗಿ ಕಾಣತ್ತೆ, ಮೋಸ ಹೋಗ್ತೀವಿ ಅಂತ ಬುಡಿಸಿ ಬುಡಿಸಿ ಹೇಳಿದ್ರಿ. ನಾನೇ ದಡ್ಡಿ, ಎಗರಾಡ್ಬುಟ್ಟೆ." ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಕಾಗೆ ನಾನು ಸುಮ್ಮನೆ ಕೂತೆ. ಅವರು ಕೊಟ್ಟ ಕಜ್ಜಾಯ ತಿಂದೆ. ಹಿಂದಕ್ಕೆ ಬರುವಾಗ ಸ್ಕೂಟರಿನಲ್ಲಿ ವನಜ ಎಷ್ಟೋ ದಿನದ ಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು ಕೂತಳು. ಸಿಂಧುವಿಗೆ ಸುದ್ದಿ ಹೇಳಿದಾಗ ಆ ಹುಡುಗಿ ನಗುತ್ತಲೇ ಅತ್ತುಬಿಟ್ಟಳು, ನನಗೂ ಕನ್ನಡಕ ಒರೆಸಿಕೊಳ್ಳಬೇಕಾಯಿತು.

ಮದುವೆ ಚೆನ್ನಾಗಿಯೇ ಆಯಿತು. ಆದರೆ ಜಯಮ್ಮನವರು ಮಾತು ಕಡಿಮೆಯವರು ಎಂದು ನಾನು ಮೊದಲು ತಿಳಿದದ್ದು ತಪ್ಪು. ಛತ್ರದಲ್ಲಿ ನನ್ನನ್ನು ತೋರಿಸಿ ಕಂಡವರಿಗೆಲ್ಲ ಕತೆ ಹೇಳಿದರು. "ಕೈಲಿ ಹಿಡಿದ್ರೆ ಸಾಕು, ಒಳಗೆ ಏನದೆ ಅಂತ ಹೇಳ್ಬುಡ್ತಾರೆ." ಊಟದ ಸಾಲಿನಲ್ಲೇ ಒಬ್ಬಾಕೆ ಕಿವಿಯ ಓಲೆ ಬಿಚ್ಚಿ ನನ್ನ ಎಲೆಯ ಪಕ್ಕ ಇಟ್ಟರು. ಆಮೇಲೆ ಬಡಾವಣೆಯವರು ಮನೆಗೇ ಬರತೊಡಗಿದರು. ಬಳೆ, ಉಂಗುರ, ಅಜ್ಜಿಯ ಕಾಲದ ಕೊರಳ ಅಡ್ಡಿಕೆ. ಮೊದಮೊದಲು ನಾನು "ನಂಗೆ ಗೊತ್ತಾಗಲ್ಲ ಕಣಮ್ಮ, ಅಂಗಡೀಲಿ ಮೆಷಿನ್ ಇರತ್ತೆ, ತೋರಿಸಿ" ಎನ್ನುತ್ತಿದ್ದೆ. ಅದನ್ನೂ ಜನ ಗೂಢಾರ್ಥವೆಂದೇ ತಿಳಿದು ಗಾಬರಿಯಿಂದ ಅಂಗಡಿಗೆ ಓಡುತ್ತಿದ್ದರು. ಅದಕ್ಕಿಂತ ನೋಡಿ ಕಳಿಸುವುದೇ ವಾಸಿ ಎಂದುಕೊಂಡೆ. ಅಂಗೈಯಲ್ಲಿ ಎರಡು ಸಲ ಎತ್ತುವುದು, ಬೆಳಕಿಗೆ ತಿರುಗಿಸುವುದು, "ಹ್ಞೂಂ" ಎನ್ನುವುದು. ನಾಚಿಕೆ ಬಿಟ್ಟು ಹೇಳುತ್ತೇನೆ, ಬರಬರುತ್ತ ನನಗೆ ನಿಜವಾಗಿಯೂ ಏನೋ ಗೊತ್ತಾಗುತ್ತಿದೆ ಎನ್ನಿಸತೊಡಗಿತು. ಸುಮಾರು ಮೂವತ್ತು ವರ್ಷ ಸಾಂದ್ರತೆಯ ಪಾಠ ಹೇಳಿದ ಕೈ, ಅದಕ್ಕೂ ಒಂದು ಅಂದಾಜು ಬಂದಿರಬಾರದೇಕೆ?

ಮೊನ್ನೆ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಿದ್ದೆ. ವನಜ ಕತ್ತಿನಿಂದ ಸರ ಬಿಚ್ಚಿ ನನ್ನ ಮುಂದೆ ಹಿಡಿದಳು. "ಊರೋರ್ದೆಲ್ಲ ನೋಡ್ತೀರಲ್ಲ, ನಂದೂ ಒಂದ್ಸಲ ನೋಡಿ ಹೇಳಿ." ಎಡಗೈಗೆ ಹಾಕಿಕೊಂಡೆ. ಎರಡು ಸಲ ಎತ್ತಿದೆ. ಕಿಟಕಿಯ ಬೆಳಕಿಗೆ ಹಿಡಿದೆ. "ಇದಾ? ಇದನ್ನ ನೋಡೋದೇನಿದೆ? ಅಪ್ಪಟ. ಈ ತೂಕ ಇವಾಗಿನ ಮಾಲಲ್ಲಿ ಎಲ್ಲಿ ಬರತ್ತೆ?" ಎಂದೆ.

"ಅದು ಒನ್ ಗ್ರಾಂ ಗೋಲ್ಡ್ ಕಣ್ರೀ" ಎಂದಳು ವನಜ. "ಸರ ಕಿತ್ಕೊಂಡು ಹೋಗೋರ ಕಾಟ ಅಂತ ಅಸಲೀದನ್ನ ಲಾಕರಲ್ಲಿಟ್ಟು ಎರಡು ವರ್ಷ ಆಯ್ತು. ದಿನಾ ಇದನ್ನೇ ಹಾಕ್ಕೊಂಡು ನಿಮ್ಮೆದುರಿಗೇ ಓಡಾಡ್ತಿದೀನಿ."

ಸರವನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದೆ. ಅಷ್ಟರಲ್ಲಿ ಗೇಟಿನ ಹತ್ತಿರ ಯಾರೋ "ಮೇಷ್ಟ್ರು ಅವ್ರಾ?" ಎಂದು ಕೂಗಿದರು. ಕೈಯಲ್ಲಿ ಕೆಂಪು ಮಖಮಲ್ಲಿನ ಪುಟ್ಟ ಡಬ್ಬಿ. "ಇಲ್ಲ ಅನ್ನು" ಎಂದು ನಾನು ಪಿಸುಗುಟ್ಟಿದೆ. ವನಜ ಸರವನ್ನು ಕತ್ತಿಗೆ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ಬಾಗಿಲಿಗೆ ಹೋಗಿ ಗಟ್ಟಿಯಾಗಿ ಹೇಳಿದಳು:

"ಇದಾರೆ, ಬನ್ನಿ ಕೂತ್ಕೊಳ್ಳಿ. ಈಗ ತಾನೆ ನಂದು ನೋಡಿ ಮುಗಿಸಿದ್ರು."